ಕಿಟಕಿಯ ಕೆಳಗಿನ ಕುಂಡ

ಸಸಿ ತೋಟದಲ್ಲಿ ಅವನನ್ನು ಎಲ್ಲರೂ ಬಾಡಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಸಂಬಳದ ದಿನ ಯಾರಾದರೂ ಅದನ್ನು ಕೂಗಿದರೆ ಅವನೇ ಒಂದು ಕ್ಷಣ ಹಿಂದೆ ತಿರುಗಿ ಯಾರಪ್ಪ ಅದು ಎಂದು ನೋಡುತ್ತಿದ್ದ. ಅವನ ಪಾಲಿಗೆ ಬಂದಿದ್ದ ಕೆಲಸ ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾ, ಗಿಡಗಳನ್ನು ಬೆಳೆಸುವುದು. ಆ ಗಿಡದ್ದು ತಲೆಕೆಳಗಾದ ಸ್ವಭಾವ. ಪಾಪ ಎಂದು ದಿನಾ ನೀರು ಹಾಕಿದಿರೋ, ಮೈತುಂಬ ಎಲೆ ಬಿಟ್ಟುಕೊಂಡು ಕೊಬ್ಬಿ ಕೂರುತ್ತದೆ, ಒಂದು ಹೂವಿಗೂ ಗತಿಯಿರುವುದಿಲ್ಲ. ಅದನ್ನೇ ಉರಿಬಿಸಿಲಿಗಿಟ್ಟು, ನೀರು ನಿಲ್ಲಿಸಿ, ಎಲೆ ಜೋತುಬಿದ್ದು ಇನ್ನೇನು ಸತ್ತೇಹೋಯಿತು ಅನ್ನುವ ಹೊತ್ತಿಗೆ ಒಂದು ಸಲ ಬುಡ ತೋಯುವಂತೆ ಹೊಯ್ದರೆ, ಕೊಂಬೆಕೊಂಬೆಯೂ ಬಣ್ಣ ಒಡೆಯುತ್ತದೆ. ತೋಟದವರು ಇದಕ್ಕೆ ‘ಬಾಡಿಸೋದು’ ಅನ್ನುತ್ತಿದ್ದರು. ಸ್ವಲ್ಪ ಹೆಚ್ಚಾದರೆ ಗಿಡ ಸೌದೆ, ಸ್ವಲ್ಪ ಕಡಿಮೆಯಾದರೆ ಬರೀ ಸೊಪ್ಪು. ಆ ನಡುವಿನ ಹೊತ್ತನ್ನು ಹಿಡಿಯುವುದರಲ್ಲಿ ಬಾಡಪ್ಪನನ್ನು ಮೀರಿಸುವವರಿರಲಿಲ್ಲ, ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಹೆಂಡತಿಯೂ ಒಂದು ಕಾಲಕ್ಕೆ ಅದೇ ತೋಟದಲ್ಲಿ ಮಣ್ಣು ತುಂಬುತ್ತಿದ್ದವಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಮನೆಯ ಅಂಗಳದಲ್ಲಿ, ಹಿತ್ತಲಲ್ಲಿ, ಮೆಟ್ಟಿಲ ಪಕ್ಕದಲ್ಲಿ ಇದ್ದ ಕುಂಡಗಳಿಗೆಲ್ಲ ಅವಳೇ ಯಜಮಾನಿ. ಗಂಡ ನೀರು ಬೇಡ ಎಂದು ಹೇಳಿಹೋದ ಗಿಡಕ್ಕೆ ಅವನು ಬೀದಿ ದಾಟುವ ಮೊದಲೇ ಒಂದು ಚೊಂಬು ಸುರಿದುಬಿಡುತ್ತಿದ್ದಳು. "ಒಣಗ್ತಾ ಇರೋದನ್ನ ನೋಡ್ಕೊಂಡು ಕೂರೋಕೆ ನನ್ನಿಂದ ಆಗಲ್ಲ ಕಣ್ರೀ, ಹೂ ಬಿಡದಿದ್ರೆ ಮನೆ ಹಾಳಾಗೋಗಲಿ" ಅನ್ನುತ್ತಿದ್ದಳು. ಹಾಗಾಗಿ ಬಾಡಪ್ಪನ ಮನೆಯ ಗಿಡಗಳಲ್ಲಿ ಎಂದೂ ಎಲೆಯೇ ಹೆಚ್ಚು.

ಅಂಥವಳಿಗೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಳಗೆ ಹೋದ ನೀರು ತಾನಾಗಿ ಹೊರಗೆ ಬರುವುದಿಲ್ಲವಾದ್ದರಿಂದ ಕುಡಿಯುವುದಕ್ಕೆ ದಿನಕ್ಕೆ ಒಂದೇ ಸಣ್ಣ ಬಾಟಲಿ, ಚಹಾ, ಸಾರು ಎಲ್ಲ ಸೇರಿ ಅಷ್ಟೇ. ಮೀರಿದರೆ ಎದೆಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

"ನೀರು ನಿಲ್ಲಿಸೋದು ತಾನೆ? ಅದೊಂದು ನನಗೆ ಬಿಡಿ ಡಾಕ್ಟ್ರೇ" ಎಂದ ಬಾಡಪ್ಪ.

ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಕ್ಕಳು. "ಕೊನೆಗೂ ನನ್ನನ್ನ ಕುಂಡಕ್ಕೆ ಹಾಕಿದ್ರಲ್ಲ ರೀ. ಯಾವತ್ತು ಹೂ ಬಿಡಬೇಕು ಅಂತ ಮೊದಲೇ ಹೇಳಿಬಿಡಿ, ತಯಾರಾಗಿರ್ತೀನಿ."

ಅಮ್ಮನನ್ನು ನೋಡಿಕೊಳ್ಳಲೆಂದು ಗಂಡನ ಮನೆಯಿಂದ ಮಗಳು ಬಂದು ನಿಂತಳು. ಬಾಡಪ್ಪ ಕಾವಲಿಗೆ ಟೊಂಕ ಕಟ್ಟಿದ. ಹೆಂಡತಿ ಮಲಗುವ ಹಿಂದಿನ ಕೋಣೆಯಿಂದ ಲೋಟ, ಚೊಂಬು ಎಲ್ಲ ಹೊರಗೆ ಹೋದವು. ಅಡುಗೆಮನೆಗೆ ಬೀಗ, ಕೀಲಿ ಮಗಳ ಸೊಂಟದಲ್ಲಿ. ನೀರು ಬೀಳುವ ಸದ್ದು ಕೇಳಿದರೂ ಅವಳ ಜೀವ ಒದ್ದಾಡುತ್ತದೆ ಎಂದು ಅಂಗಳದ ನಲ್ಲಿಯ ಹಿಡಿಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮನೆಯ ಗಿಡಗಳಿಗೂ ನೀರು ನಿಂತಿತು.

ಮಾಡಿದ್ದು ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಹೆಂಡತಿ ಬದುಕಬೇಕು, ಅವನಿಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಆದರೆ ಪ್ರೀತಿಯಿಂದ ಮಾಡುವವನಿಗೆ ಕಿವಿಯೊಂದು ಇರಬೇಡವೇ? ಅವಳು ನಾಲಿಗೆ ಅಂಟಿಕೊಂಡು "ಒಂದೇ ಒಂದು ಗುಟುಕು ರೀ" ಎಂದರೆ, ಇವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ "ಸಂಜೆಗೆ ಬೇಕಲ್ಲ" ಎಂದು ಎದ್ದುಹೋಗುತ್ತಿದ್ದ. ಹೋಗಿ ಅಂಗಳದಲ್ಲಿ ಮುಖ ಆಚೆ ಮಾಡಿ ನಿಲ್ಲುತ್ತಿದ್ದ. ಕಣ್ಣೀರು ಬರುತ್ತಿತ್ತು ಬಡಪಾಯಿಗೆ. ಬಂದರೂ ಕಾವಲು ಸಡಿಲವಾಗುತ್ತಿರಲಿಲ್ಲ.

ಅಷ್ಟರಲ್ಲಿ ಗಿಡಗಳು ಹೂ ಬಿಟ್ಟವು. ಬಿಡದೆ ಏನು ಮಾಡುತ್ತವೆ? ಎಷ್ಟೋ ವರ್ಷ ಅವಳ ಚೊಂಬಿನ ನೀರು ಕುಡಿದು ಮಲಗಿದ್ದವು, ಈಗ ಬಾಯಾರಿ ಬಾಯಾರಿ ಮನೆಯನ್ನೇ ಮುಚ್ಚುವಷ್ಟು ಕೆಂಪು, ಕಿತ್ತಳೆ, ಬಿಳಿ ಬಿಟ್ಟು ನಿಂತವು. ಬೀದಿಯಲ್ಲಿ ಹೋಗುವವರು ನಿಂತು "ಏನ್ ಬಾಡಪ್ಪ, ಮನೇಲಿ ಮದುವೆನಾ?" ಎಂದು ಕೇಳುತ್ತಿದ್ದರು. ಒಳಗೆ ಮಲಗಿದವಳಿಗೆ ಅದು ಕೇಳಿಸುತ್ತಿತ್ತು.

ಹೀಗಿರುವಾಗ ಡಯಾಲಿಸಿಸ್ ಕೋಣೆಯ ತೂಕದ ಯಂತ್ರ ಬೇರೆ ಮಾತು ಹೇಳತೊಡಗಿತು. ಒಂದು ಸರದಿಯಿಂದ ಇನ್ನೊಂದಕ್ಕೆ ಅವಳ ತೂಕ ಏರುತ್ತಿತ್ತು, ಕಾಲು ಊದುತ್ತಿತ್ತು. ಹೊಸದಾಗಿ ಬಂದಿದ್ದ ಸಿಸ್ಟರ್ ಬಾಡಪ್ಪನನ್ನು ಪಕ್ಕಕ್ಕೆ ಕರೆದು, "ಮನೇಲಿ ಕದ್ದು ಏನಾದ್ರೂ ನೀರು ಕುಡೀತಾರಾ ನೋಡಿ" ಎಂದಳು. ಅವನ ಕಾವಲಿನಲ್ಲಿ ಕಳ್ಳತನ!

ಮನೆಗೆ ಬಂದವನೇ ಮೂಲೆಮೂಲೆ ತಡಕಾಡಿದ. ಏನೂ ಸಿಗಲಿಲ್ಲ. ಹಿತ್ತಲಿಗೆ ಹೋದ. ಅಲ್ಲಿ, ಹೆಂಡತಿಯ ಕೋಣೆಯ ಕಿಟಕಿಯ ಕೆಳಗೆ, ಒಂದು ಕುಂಡ. ಉಳಿದವೆಲ್ಲ ಮೈತುಂಬ ಹೂವಾಗಿ ನಿಂತಿರುವಾಗ ಅದೊಂದು ಮಾತ್ರ ದಟ್ಟ ಹಸಿರು, ಒಂದು ಹೂವೂ ಇಲ್ಲ. ಬಾಡಪ್ಪ ಮಣ್ಣಿಗೆ ಬೆರಳು ಒತ್ತಿದ. ಹಸಿ.

ಅವನಿಗೆ ಇನ್ನೇನೂ ಬೇಕಾಗಲಿಲ್ಲ. ಒದ್ದೆ ಬೆರಳನ್ನು ಎತ್ತಿಕೊಂಡೇ ಒಳಗೆ ನುಗ್ಗಿದ.

"ಯಾರು ಇವಳಿಗೆ ನೀರು ಕೊಡ್ತಾ ಇರೋದು?"

ಮಗಳು ತೊದಲಿದಳು. "ಕುಡಿಯೋಕಲ್ಲಪ್ಪ. ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗೀಬಹುದು ಅಂತ ಮೊದಲಿದ್ದ ಸಿಸ್ಟರ್ ಹೇಳಿದ್ರು. ನೀನು ಕೆಲಸಕ್ಕೆ ಹೋದ್ಮೇಲೆ ಒಂದು ಚೊಂಬು ತಂದುಕೊಡ್ತೀನಿ, ಮುಕ್ಕಳಿಸಿ ಕಿಟಕಿಯಿಂದ ಉಗೀತಾಳೆ. ನೀನು ಚೊಂಬು ನೋಡಿದ್ರೆ ಹೌಹಾರ್ತೀಯ ಅಂತ ಹೇಳಲಿಲ್ಲ, ಅಷ್ಟೆ."

"ಯಾರಿಗೆ ಕಥೆ ಹೇಳ್ತೀಯ? ಎಲೆ ಸುಳ್ಳು ಹೇಳಲ್ಲ."

"ಒಂದು ತೊಟ್ಟೂ ನುಂಗಿಲ್ಲ ರೀ" ಎಂದಳು ಹೆಂಡತಿ, ಮಂಚದಿಂದ. "ನಿಮ್ಮಾಣೆಗೂ."

"ಇಷ್ಟು ಬಾಯಾರಿಕೆ ಇಟ್ಕೊಂಡು, ಬಾಯಿ ತುಂಬ ನೀರು ತುಂಬ್ಕೊಂಡು ಉಗಿಯೋಕೆ ನೀನೇನು ಮನುಷ್ಯಳಲ್ವಾ? ನನ್ನಿಂದಾನೇ ಆಗಲ್ಲ, ನಿನ್ನಿಂದ ಆಗುತ್ತಾ?"

ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ಕುಂಡ ಹಸಿಯಾಗಿದೆ ಅಂದ್ರೆ ನೀರು ಕುಂಡಕ್ಕೆ ಹೋಗಿದೆ ಅಂತ ಅಲ್ವಾ? ಅಮ್ಮ ಕುಡಿದಿದ್ರೆ ಅದು ಯಾಕೆ ಹಸಿಯಾಗಿರ್ತಿತ್ತು?"

ಅಯ್ಯೋ ಮಹಾರಾಯ, ಅಷ್ಟು ಸಣ್ಣ ಮಾತು! ಮಗುವಿಗೂ ಹೊಳೆಯುವಂಥದ್ದು. ಆದರೆ ಜೀವಮಾನವಿಡೀ ಹಸಿರೆಲೆ ಕಂಡರೆ ಯಾರೋ ಕದ್ದು ನೀರು ಹಾಕಿದ್ದಾರೆ ಎಂದೇ ಕೂಗಾಡಿದವನು ಅವನು. ತೋಟದಲ್ಲಿ ಎಷ್ಟೋ ಕೆಲಸದವರನ್ನು ಹೀಗೆ ಹಿಡಿದು ಬೈದಿದ್ದ, ಒಂದು ಸಲವೂ ತಪ್ಪಿರಲಿಲ್ಲ. ಆ ಗಿಡ ಹೆಂಡತಿಯ ಪರವಾಗಿ ಸಾಕ್ಷಿ ನಿಂತಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

"ನಿನ್ನ ತಾಯಿನ ಕೈಯಾರೆ ಕೊಲ್ತಾ ಇದೀಯ. ಕೀಲಿ ಇಲ್ಲಿಡು. ನಿನ್ನ ಮನೆಗೆ ಹೊರಡು" ಎಂದ.

ಮಗಳು ಅಮ್ಮನ ಮುಖ ನೋಡಿದಳು. "ಹೋಗವ್ವ" ಎಂದಳು ಅವಳು. "ನನ್ನಿಂದಾಗಿ ನೀನು ಈ ಮಾತು ಕೇಳೋ ಹಾಗಾಯ್ತು." ಮಗಳು ಬಟ್ಟೆಯ ಚೀಲ ಎತ್ತಿಕೊಂಡು ಅಳುತ್ತಾ ಬಸ್ಸು ಹತ್ತಿದಳು.

ಬಾಡಪ್ಪ ರಜೆ ಹಾಕಿ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ. ಕಿಟಕಿಯನ್ನು ಮುಚ್ಚಿದ. ಬಾಟಲಿ ಅವನ ಕೈಯಲ್ಲಿ. ಮುಕ್ಕಳಿಸುವುದೂ ಇಲ್ಲ, ಏನೂ ಇಲ್ಲ. ಅವಳ ತುಟಿ ಬಿರಿದು ರಕ್ತ ಜಿನುಗಿತು, ನಾಲಿಗೆ ಕಪ್ಪಿಟ್ಟಿತು. ಆದರೂ ಅವಳು ಒಂದು ಗುಟುಕು ಕೊಡಿ ಎಂದು ಮತ್ತೆ ಕೇಳಲಿಲ್ಲ. ಇವನು ತಾನಾಗಿ ಕೊಟ್ಟಾಗ ಕುಡಿದು ಗೋಡೆಯ ಕಡೆ ತಿರುಗುತ್ತಿದ್ದಳು. ಅಷ್ಟು ಮಾತಿನ ಮಲ್ಲಿ ಗಂಡನೊಡನೆ ಮಾತೇ ಬಿಟ್ಟಳು. ಇರಲಿ, ಬದುಕಿ ಉಳಿದ ಮೇಲೆ ಎಷ್ಟು ಬೇಕಾದರೂ ಬೈಯಲಿ ಎಂದುಕೊಂಡ ಅವನು.

ಮುಂದಿನ ಸರದಿಗೆ ತೂಕ ಇನ್ನೂ ಏರಿತ್ತು.

ಬಾಡಪ್ಪ ಯಂತ್ರವನ್ನೇ ದುರುಗುಟ್ಟಿ ನೋಡಿದ. ಅವಳನ್ನು ಇಳಿಸಿ ಮತ್ತೆ ಹತ್ತಿಸಿದ. ಈಗ ಮಗಳಿರಲಿಲ್ಲ, ಚೊಂಬಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕಾದವನು ಅವನೇ. ಅವಳನ್ನು ಮಲಗಿಸಿ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸುವಷ್ಟರಲ್ಲಿ ಏದುಸಿರು ಹತ್ತಿತು. ಡಾಕ್ಟರು ಓಡಿಬಂದರು, ಏನೇನೋ ಪರೀಕ್ಷೆಗಳಾದವು. ಆಮೇಲೆ ಅವನನ್ನು ಕೂರಿಸಿ ಹೇಳಿದರು: ಹೃದಯ ಸೋತಿದೆ, ಸೋಲುತ್ತಾ ಬಂದು ಬಹಳ ಕಾಲವಾಗಿದೆ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದ್ದದ್ದು. ಇನ್ನು ಡಯಾಲಿಸಿಸ್ ಅನ್ನೂ ಅದು ತಡೆದುಕೊಳ್ಳುವುದಿಲ್ಲ.

"ಕುಡಿದಿದ್ದಕ್ಕಲ್ವಾ?" ಎಂದು ಕೇಳಿದ ಬಾಡಪ್ಪ.

"ಕುಡಿದಿದ್ದಕ್ಕಲ್ಲ. ಅವರು ನಾವು ಹೇಳಿದ ಹಾಗೇ ನಡ್ಕೊಂಡಿದ್ದಾರೆ. ಮನೆಗೆ ಕರ್ಕೊಂಡು ಹೋಗಿ. ಇನ್ನು ಏನು ಕೇಳಿದ್ರೂ ಕೊಡಿ."

ಹೊರಡುವಾಗ, ಈಗ ಬೇರೆ ವಾರ್ಡಿನಲ್ಲಿದ್ದ ಆ ಮೊದಲಿನ ಸಿಸ್ಟರ್ ಬಂದು ಹೆಂಡತಿಯ ತುಟಿಗೆ ಮುಲಾಮು ಸವರುತ್ತಾ ಬೈದಳು. "ಮುಕ್ಕಳಿಸಿ ಉಗೀರಿ ಅಂತ ಅಷ್ಟು ಹೇಳಿದ್ದೆ. ಎಷ್ಟು ಚೆನ್ನಾಗಿ ಮಾಡ್ತಿದ್ರಲ್ಲ, ಯಾಕೆ ಬಿಟ್ರಿ?" ಹೆಂಡತಿ ಗಂಡನ ಕಡೆ ನೋಡಲೂ ಇಲ್ಲ, ಅವನ ಹೆಸರು ಹೇಳಲೂ ಇಲ್ಲ. ಬಾಡಪ್ಪನೇ ಹೇಳಿದ, ತಾನು ಬಿಡಿಸಿದ್ದು ಎಂದು.

ಮನೆಗೆ ಬಂದವನು ಬೀಗಗಳನ್ನೆಲ್ಲ ತೆಗೆದ. ದೊಡ್ಡ ಚೊಂಬನ್ನು ತಿಕ್ಕಿ ತೊಳೆದು ಕಂಠಮಟ್ಟ ತಣ್ಣನೆಯ ನೀರು ತುಂಬಿಕೊಂಡು ಬಂದು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಕುಡಿಯೇ" ಎಂದ. "ಎಷ್ಟು ಬೇಕೋ ಅಷ್ಟು ಕುಡಿ. ತಪ್ಪಾಯ್ತು ಕಣೆ."

ಅವಳು ಚೊಂಬನ್ನು ನೋಡಿದಳು. ಗಂಟಲು ಒಂದು ಸಲ ಆಡಿತು. ಬಾಯಿ ಮಾತ್ರ ತೆರೆಯಲಿಲ್ಲ.

"ಅವಳನ್ನ ಕರೀರಿ" ಎಂದಳು.

ಅವನು ಫೋನು ಮಾಡಲಿಲ್ಲ, ತಾನೇ ಬಸ್ಸು ಹತ್ತಿ ಮಗಳ ಮನೆಗೆ ಹೋದ. ಬೀಗರ ಎದುರಿಗೆ, ಅಳಿಯನ ಎದುರಿಗೆ ಕೈಮುಗಿದ. ಮಗಳು ಚಪ್ಪಲಿ ಮೆಟ್ಟಿ ಹೊರಟಳು. ಮನೆಗೆ ಬಂದು ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟ ಹಿಡಿದಳು. ಅವಳು ಕುಡಿದಳು, ಕಣ್ಣು ಮುಚ್ಚಿಕೊಂಡು, ಗಟಗಟ ಸದ್ದು ಮಾಡುತ್ತಾ, ಕೊರಳ ಮೇಲೆಲ್ಲ ಚೆಲ್ಲಿಕೊಂಡು. ಮುಗಿದ ಮೇಲೆ ಇನ್ನೊಂದು ಲೋಟ ಕೇಳಿದಳು.

ಆಮೇಲೆ ಅವಳು ಇದ್ದದ್ದು ಒಂದೆರಡು ದಿನ. ಕೇಳಿದಾಗಲೆಲ್ಲ ಮಗಳು ಕೊಟ್ಟಳು. ಕೊನೆಯ ಮಧ್ಯಾಹ್ನ ಮಗಳಿಗೇ ಮರುಕ ಬಂದು, ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ಕರೆದು, "ಬಾಪ್ಪ, ನೀನು ಕುಡಿಸು" ಎಂದು ಲೋಟವನ್ನು ಅವನ ಕೈಗೆ ಕೊಟ್ಟಳು. ಬಾಡಪ್ಪ ಅದನ್ನು ಹೆಂಡತಿಯ ತುಟಿಗೆ ಹಿಡಿದ. ಅವಳು ಕಣ್ಣು ತೆರೆದು, ಯಾರ ಕೈ ಎಂದು ನೋಡಿದಳು. ಬಾಯಿ ತುಂಬ ನೀರು ತೆಗೆದುಕೊಂಡಳು, ಒಂದು ತೊಟ್ಟೂ ನುಂಗಲಿಲ್ಲ. ಅವನು ನೋಡುತ್ತಿರುವಂತೆಯೇ ಪಕ್ಕಕ್ಕೆ ಹೊರಳಿ, ಪೂರ್ತಿ ನೀರನ್ನು ನೆಲಕ್ಕೆ ಉಗಿದಳು.