ಮೂರನೇ ಗರ್ಡರ್ ನೋಡಲು ಹೋದದ್ದು

ಬೆಳಿಗ್ಗೆ ಏಳರ ಬಸ್ಸಿಗೆ ನಾನೂ ನನ್ನ ಚಿಕ್ಕಪ್ಪ ಪುಟ್ಟಬಸಪ್ಪನವರೂ ಹುಣಸೂರು ಬಿಟ್ಟೆವು. ಹೆಂಗಸಾದ್ದರಿಂದ ನನಗೆ ಟಿಕೆಟ್ ಉಚಿತ. ಸೀಟು ಮಾತ್ರ ಕಟ್ಟೆಮಳಲವಾಡಿ ದಾಟಿದ ಮೇಲೆ ಸಿಕ್ಕಿತು. ವಾರವಿಡೀ ಶಾಲೆಯ ಉತ್ತರಪತ್ರಿಕೆ ತಿದ್ದಿ ದಣಿದಿದ್ದ ನನಗೆ ಈ ಪ್ರಯಾಣ ಬೇಕಿರಲಿಲ್ಲ. ಆದರೆ ಕೆ.ಆರ್. ನಗರದ ಕಡೆ ಕಾವೇರಿಯ ಹಳೇ ರೈಲು ಸೇತುವೆ ಬಿಚ್ಚಿ ಹೊಸದು ಕೂರಿಸುತ್ತಿದ್ದಾರೆಂಬ ಸುದ್ದಿ ಬಂದಾಗಿನಿಂದ ಚಿಕ್ಕಪ್ಪ ನನ್ನ ಬೆನ್ನು ಬಿಟ್ಟಿರಲಿಲ್ಲ.

ಅವರು ಆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮ್ಯಾನ್ ಆಗಿದ್ದವರು. ಒಂದು ಮಳೆಗಾಲ, ಸೇತುವೆಯಲ್ಲಿ ಹಳಿ ಹೊತ್ತ ಕಬ್ಬಿಣದ ತೊಲೆಗಳ ಪೈಕಿ ಮೂರನೇ ಗರ್ಡರ್ ಸೀಳಿದಂಥ ಸದ್ದು ಕೇಳಿ, ಕೆಂಪು ಬಾವುಟ ಹಿಡಿದು ಪ್ಯಾಸೆಂಜರ್ ರೈಲನ್ನು ನಿಲ್ಲಿಸಿದ್ದರು. ತಪಾಸಣೆ ಮಾಡಿದವರಿಗೆ ಏನೂ ಸಿಗಲಿಲ್ಲ. ನಿವೃತ್ತಿಯವರೆಗೂ ಜೊತೆಯವರಿಗೆ ಅವರು ‘ಪುಕ್ಕಲ ಬಸಪ್ಪ’ನೇ.

ಕೆ.ಆರ್. ನಗರದಲ್ಲಿ ಇಡ್ಲಿ ತಿಂದು ಆಟೋ ಹಿಡಿದೆವು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಸೇತುವೆ ಕೆಲಸದ ಗೇಟಿನಲ್ಲಿ, ಹೊರಗಿನವರನ್ನು ಬಿಡುವಂತಿಲ್ಲವೆಂದು ಕಾವಲುಗಾರ ತಡೆದ. ಹೊಂಗೆ ಮರದಡಿ ಒಂದೂವರೆ ಗಂಟೆ ಕಾದೆವು. ವಾಪಸ್ ಹೋಗೋಣವೆಂದು ನಾನು ಎರಡು ಸಲ ಹೇಳಿದೆ, ಅವರು ಏಳಲಿಲ್ಲ. ಕೊನೆಗೆ ಅತ್ತ ಬಂದ ಇಂಜಿನಿಯರ್ ಹುಡುಗಿ ಅವರ ಕಥೆಯನ್ನು ಪೂರ್ತಿ ಕೇಳಿ, ಇಬ್ಬರಿಗೂ ಹೆಲ್ಮೆಟ್ ಕೊಟ್ಟು ಒಳಗೆ ಕರೆದೊಯ್ದಳು.

ಬಿಚ್ಚಿದ ಗರ್ಡರ್‌ಗಳು ದಡದಲ್ಲಿ ಸಾಲಾಗಿ ಬಿದ್ದಿದ್ದವು, ಮೈಮೇಲೆ ಬಿಳಿ ಬಣ್ಣದ ನಂಬರು. ಮೂರನೆಯದರ ಪಕ್ಕ ಚಿಕ್ಕಪ್ಪ ಮಂಡಿಯೂರಿದರು. ಉಗುರಿನಿಂದ ತುಕ್ಕು ಕೆರೆದು, ಒಂದೊಂದೇ ರಿವೆಟ್ ಮೊಳೆ ಸವರುತ್ತ ಈ ತುದಿಯಿಂದ ಆ ತುದಿಯವರೆಗೆ ತೆವಳಿದರು. ಆ ಹುಡುಗಿಯೂ ಟಾರ್ಚ್ ಹಿಡಿದು ಜೊತೆಗೆ ಹುಡುಕಿದಳು. ಅರ್ಧ ಗಂಟೆಯಾಯಿತು. ಒಂದು ಬಿರುಕೂ ಇರಲಿಲ್ಲ.

"ಗಟ್ಟಿಯಾಗೇ ಅದೆ ಕಣವ್ವ," ಎಂದರು ಚಿಕ್ಕಪ್ಪ.

ಅಷ್ಟು ವರ್ಷ ಸುಮ್ಮನೆ ಪುಕ್ಕಲ ಅನ್ನಿಸಿಕೊಂಡಿರಲ್ಲ, ಬೇಜಾರಾಯಿತೇ ಎಂದು ಕೇಳಿದೆ. ಅವರು ನನ್ನ ಭುಜ ಹಿಡಿದು ಮೇಲೆದ್ದರು.

"ಅವತ್ತು ಕಿವಿಗೆ ಬಿದ್ದಿದ್ದು ಬಿತ್ತು. ರೈಲ್ ತುಂಬ ಜನ ಇದ್ರು. ನಾಳೆ ಅಂಗೇ ಸದ್ದಾದ್ರೂ ನಿಲ್ಲುಸ್ತೀನಿ ಬುಡು."

ಇಂಜಿನಿಯರ್ ಹುಡುಗಿ ನೀರಿನ ಬಾಟಲಿ ಕೊಟ್ಟು ಗೇಟಿನವರೆಗೂ ಬಂದಳು. ವಾಪಸ್ ಹೊರಟ ಆಟೋ ತಿರುವಿಗೆ ಬಂದಾಗ ನಾನು ಹಿಂದೆ ನೋಡಿದೆ. ಕ್ರೇನು ಹೊಸ ಗರ್ಡರನ್ನು ನದಿಯ ಮೇಲೆ ಇಷ್ಟಿಷ್ಟೇ ಇಳಿಸುತ್ತಿತ್ತು. ಚಿಕ್ಕಪ್ಪ ನೋಡಲಿಲ್ಲ. ತುಕ್ಕು ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ನಿದ್ದೆ ಹೋಗಿದ್ದರು.