ಅತ್ತೆಯ ಉಯಿಲಿನ ಯಳಂದೂರಿನವಳು

ನನ್ನ ಸೋದರತ್ತೆ ತೀರಿಕೊಂಡಾಗ ಕೊಳ್ಳೇಗಾಲದ ಮನೆಯನ್ನೂ ಎರಡು ಮಗ್ಗಗಳನ್ನೂ ತನ್ನ ತಮ್ಮನಿಗೆ ಬಿಟ್ಟಳು, ಗದ್ದೆಯನ್ನು ಇನ್ನೊಬ್ಬಳಿಗೆ ಬಿಟ್ಟಳು. ನನಗೆ ಬಿಟ್ಟದ್ದು ಓಡಾಟ. ಉಯಿಲಿನಲ್ಲೇ ಹಾಗೆ ಬರೆಸಿದ್ದಳು: ‘ಇದನ್ನೆಲ್ಲ ನಡೆಸಿಕೊಡತಕ್ಕವಳು ನನ್ನ ಅಣ್ಣನ ಮಗಳು. ಅವಳಿಗೆ ಓದು ಬರಹ ಬರುತ್ತದೆ, ಬೇರೆ ಕೆಲಸವೂ ಹೆಚ್ಚಿಲ್ಲ.’ ಆಗ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರು ತರಗತಿಗಳಿಗೆ ಒಟ್ಟಿಗೇ ಪಾಠ ಹೇಳುತ್ತಿದ್ದೆ. ಅತ್ತೆ ಅದನ್ನು ಕೆಲಸವೆಂದು ಎಣಿಸಿರಲಿಲ್ಲ.

ತೊಂದರೆ ಎದ್ದದ್ದು ಗದ್ದೆಯಿಂದ. ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಯಳಂದೂರಿನಲ್ಲಿ ಇನ್ನೊಂದು ಮದುವೆಯಾಗಿ, ಅತ್ತೆಯ ಒಡವೆ ಮಾರಿ ಅತ್ತೆಯ ಹೆಸರಿಗೇ ಅಲ್ಲಿ ಗದ್ದೆ ಕೊಂಡು, ಅದನ್ನು ನೋಡಿಕೊಳ್ಳಲು ಎರಡನೆಯವಳನ್ನು ಇರಿಸಿದ್ದ. ಹೀಗೆ ಇಬ್ಬರಿಗೂ ಅಷ್ಟಿಷ್ಟು ಅನ್ಯಾಯ ಮಾಡಿ, ಎಲ್ಲರ ಮುಂದೆ ನಗುನಗುತ್ತಲೇ ಓಡಾಡಿಕೊಂಡಿದ್ದು ಸತ್ತುಹೋದ. ಸವತಿಯರು ಒಂದು ದಿನವೂ ಮಾತಾಡಿದವರಲ್ಲ. ಆದರೆ ಪ್ರತಿ ಸುಗ್ಗಿಗೂ ಯಳಂದೂರಿನಿಂದ ಬಸ್ಸಿನ ಮೇಲೆ ಅಕ್ಕಿಮೂಟೆ ಬರುತ್ತಿತ್ತು. ಅತ್ತೆ ‘ಈ ಸಲ ಕಲ್ಲು ಜಾಸ್ತಿ’ ಎಂದು ಬೈದುಕೊಂಡು ವರ್ಷವಿಡೀ ಅದನ್ನೇ ಉಣ್ಣುತ್ತಿದ್ದಳು. ಸವತಿಯ ಹೆಸರು ಮಾತ್ರ ಅವಳ ಬಾಯಿಂದ ಬರುತ್ತಿರಲಿಲ್ಲ. ‘ಯಳಂದೂರಿನವಳು’ ಅಷ್ಟೇ.

ಉಯಿಲಿನಲ್ಲೂ ಅಷ್ಟೇ ಇತ್ತು: ‘ಗದ್ದೆಯು ಯಳಂದೂರಿನವಳಿಗೆ ಸೇರತಕ್ಕದ್ದು.’

ಹನ್ನೊಂದನೆಯ ದಿನ ನಾನು ಓದಿ ಮುಗಿಸಿದ ಕೂಡಲೇ ಚಿಕ್ಕಪ್ಪ, ಅಂದರೆ ಅತ್ತೆಯ ತಮ್ಮ, ತೊಡೆ ತಟ್ಟಿಕೊಂಡ. “ನೋಡ್ದಾ! ನನ್ನ ಎಂಡ್ರು ತವರು ಯಾವ್ದು? ಯಳಂದೂರೇ ಅಲ್ವಾ? ಅಕ್ಕ ನಾದಿನಿಗೆ ಬರ್ಸವ್ಳೆ!”

ಚಿಕ್ಕಮ್ಮ ಒಲೆಯ ಮುಂದೆ ಇದ್ದಳು. ಸೌದೆ ಒಳಕ್ಕೆ ತಳ್ಳಿದಳು.

ನಮ್ಮ ವಕೀಲರಿಗೆ ಕಾಗದ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. “ಏನಮ್ಮಾ ಇದು, ಒಂದು ಹೆಸರು ಬರೆಸೋಕೆ ನಿಮ್ಮತ್ತೆಗೆ ಏನಾಗಿತ್ತು?” ಎಂದರು. ಕೊಳ್ಳೇಗಾಲ ಆಗ ಮದರಾಸು ಸೀಮೆಗೆ ಸೇರಿತ್ತು, ಜಿಲ್ಲಾ ಕೋರ್ಟು ಕೊಯಮತ್ತೂರಿನಲ್ಲಿ. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರು ಸಂಸ್ಥಾನದ್ದು. ಮೊದಲು ಕೊಯಮತ್ತೂರಿನಲ್ಲಿ ಉಯಿಲು ಊರ್ಜಿತ ಮಾಡಿಸಬೇಕು, ಆಮೇಲೆ ಅದರ ನಕಲು ಹಿಡಿದು ಮೈಸೂರಿನವರ ಮುಂದೆ ಇನ್ನೊಂದು ಅರ್ಜಿ ಹಾಕಬೇಕು ಎಂದರು. “ಅದಕ್ಕೆ ಮೊದಲು ಸಾಕ್ಷಿ ಹಾಕಿದವರನ್ನ ಹಿಡಿದು ತಾ.”

ಸಾಕ್ಷಿ ಹಾಕಿದ್ದ ಇಬ್ಬರಲ್ಲಿ ಒಬ್ಬ ಆಗಲೇ ತೀರಿಕೊಂಡಿದ್ದ. ಉಳಿದವನು ನಮ್ಮ ಬೀದಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಮುದುಕ. ಕೈಲಾಗದೆ ಅಜ್ಜೀಪುರದ ಮಗಳ ಮನೆ ಸೇರಿದ್ದಾನೆಂದು ತಿಳಿಯಿತು.

ಭಾನುವಾರ ಹನೂರಿನ ಬಸ್ಸು ಹತ್ತಿದೆ. ಯುದ್ಧ ಮುಗಿದಿದ್ದರೂ ಇದ್ದಿಲ ಗ್ಯಾಸಿನ ಬಸ್ಸುಗಳು ಇನ್ನೂ ಓಡುತ್ತಿದ್ದವು. ದಿಣ್ಣೆ ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಿದರು, ಹೆಂಗಸರು ಒಳಗೆ ಕೂತು ಸಲಹೆ ಕೊಟ್ಟೆವು. ಹನೂರಿನಿಂದ ಅಜ್ಜೀಪುರಕ್ಕೆ ಎತ್ತಿನ ಗಾಡಿ. ಮುದುಕ ಜಗಲಿಯ ಮೇಲೆ ಕೂತಿದ್ದ. ಉಗುರುಗಳಲ್ಲಿ ಕೆಂಪು ಬಣ್ಣ ಇನ್ನೂ ಹಾಗೇ ಉಳಿದಿತ್ತು. ನಾನು ವಿಷಯ ಹೇಳುತ್ತಿದ್ದಂತೆ ಎದ್ದೇಬಿಟ್ಟ.

“ಕೋಲ್ಟಾ? ನಾ ಬರಾಕಿಲ್ಲ ಕನವ್ವಾ. ಒಂದ್ ಮಾತು ಎಚ್ಚುಕಮ್ಮಿ ಆದ್ರೆ ಒಳಕ್ಕಾಕ್ತಾರೆ.”

“ನಿಜ ಹೇಳಿದವರನ್ನ ಯಾರೂ ಒಳಗೆ ಹಾಕಲ್ಲ ತಾತ.”

“ನಿಜ ಯೋಳ್ದವರ್ನೇ ಮೊದ್ಲು ಆಕಾದು.”

ಮಗಳು ಮಜ್ಜಿಗೆ ತಂದುಕೊಟ್ಟು ಗದರಿದಳು. ಅವನು ಜಗ್ಗಲಿಲ್ಲ. ನಾನು ಸೋತು ಎದ್ದು ಗಾಡಿ ಹತ್ತುವಾಗ ಹಿಂದಿನಿಂದ ಕೂಗಿದ. “ಮೇಷ್ಟ್ರವ್ವಾ, ಕೊಯಮತ್ತೂರಲ್ಲಿ ರೈಲು ಅದಂತಲ್ಲ?”

“ಇದೆ ತಾತ.”

“ತೋರಿಸ್ತೀಯಾ?”

ಹಾಗೆ ನಮ್ಮ ಸಾಕ್ಷಿ ಸಿಕ್ಕಿದ.

ಯಳಂದೂರಿಗೂ ಒಮ್ಮೆ ಹೋಗಿ ಸುದ್ದಿ ಮುಟ್ಟಿಸಿದೆ. ಅತ್ತೆಯ ಸವತಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪೈರು ನಾಟಿ ಹಾಕಿಸುತ್ತಿದ್ದಳು. ನಾನು ಆಕೆಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅತ್ತೆಗಿಂತ ಚಿಕ್ಕವಳು, ಗಟ್ಟಿ ದನಿ. “ಕೊಟ್ರೆ ಕೊಡ್ಲಿ, ಬುಟ್ರೆ ಬುಡ್ಲಿ. ನಾಟಿ ಬುಟ್ಟು ನಾ ಎಲ್ಲಿಗೂ ಬರಾಕಿಲ್ಲ,” ಎಂದು ಮತ್ತೆ ಬಗ್ಗಿದಳು.

ಗದ್ದೆ ತನ್ನ ಹೆಂಡತಿಗೇ ಸೇರಬೇಕೆಂದು ಚಿಕ್ಕಪ್ಪ ತಕರಾರು ಅರ್ಜಿ ಹಾಕಿದ. ಕೊಯಮತ್ತೂರಿಗೆ ಹೊರಟ ಬಸ್ಸಿನಲ್ಲಿ ವಾದಿ ಪ್ರತಿವಾದಿ ಎಲ್ಲರೂ ಒಟ್ಟಿಗೇ ಇದ್ದೆವು, ಬೇರೆ ಬಸ್ಸು ಇರಲಿಲ್ಲ. ಮುಂದೆ ಚಿಕ್ಕಪ್ಪ, ಚಿಕ್ಕಮ್ಮ. ಹಿಂದೆ ನಾನು, ಮುದುಕ. ವಕೀಲರು ಹಿಂದಿನ ದಿನವೇ ಹೋಗಿದ್ದರು. ದಿಂಬಂ ಘಾಟಿಯ ತಿರುವುಗಳಲ್ಲಿ ಚಿಕ್ಕಮ್ಮನಿಗೆ ವಾಂತಿ ಬರುವಂತಾಯಿತು. ನನ್ನ ಹತ್ತಿರ ನಿಂಬೆಹಣ್ಣು ಇತ್ತು, ಕೊಟ್ಟೆ. ಚಿಕ್ಕಪ್ಪ ಅದನ್ನು ನೋಡದವನಂತೆ ಕಾಡು ನೋಡಿದ.

ಕೋರ್ಟಿನಲ್ಲಿ ಮಾತೆಲ್ಲ ಇಂಗ್ಲಿಷು, ತಮಿಳು. ಕನ್ನಡ ಬಲ್ಲ ಒಬ್ಬ ದುಭಾಷಿಯನ್ನು ಹುಡುಕಿ ನಿಲ್ಲಿಸಿದ್ದರು. ಅವರು ‘ಯಳಂದೂರಿನವಳು’ ಎಂಬುದನ್ನು ‘ಯಳಂದೂರ್ಕಾರಿ’ ಎಂದು ತಮಿಳಿಗೆ ತಿರುಗಿಸಿದರು. ಜಡ್ಜಿಗೆ ತಲೆ ಬಿಸಿಯಾಯಿತು.

“ಆ ಊರಿನಲ್ಲಿ ಎಷ್ಟು ಹೆಂಗಸರಿದ್ದಾರೆ?” ಎಂದು ಕೇಳಿಸಿದರು.

ಮುದುಕ ಕಟಕಟೆ ಹಿಡಿದು ಯೋಚಿಸಿದ. “ಎಣಿಸಿಲ್ಲ ಸಾ.”

“ಉಯಿಲು ಬರೆಯುವಾಗ ಹೆಸರು ಯಾಕೆ ಬರೆಯಲಿಲ್ಲ?”

“ಬರಿಯವ್ನು ಕೇಳ್ದ ಸಾ. ಆವಮ್ಮ, ‘ಆ ಎಸ್ರು ನನ್ನ ಬಾಯಲ್ಲಿ ಬರಾಕಿಲ್ಲ, ಇಷ್ಟು ಬರಿ, ಊರ್ಗೆಲ್ಲ ಗೊತ್ತು’ ಅಂತು. ನಾನು ದಸ್ಕತ್ತು ಆಕ್ದೆ.”

“ಊರಿಗೆಲ್ಲ ಏನು ಗೊತ್ತು?”

“ಸವತೀನ ಅಂಗೇ ಕರಿಯಾದು ಅಂತ.”

ಚಿಕ್ಕಪ್ಪನ ವಕೀಲರು ಎದ್ದು, ಇದೆಲ್ಲ ಬೀದಿಯ ಮಾತು, ನಮ್ಮ ಕಡೆಯ ‘ಯಳಂದೂರಿನವಳು’ ಇಲ್ಲೇ ಇದ್ದಾರೆ, ಅವರನ್ನೇ ಕೇಳೋಣ ಎಂದರು. ಚಿಕ್ಕಮ್ಮ ಕಟಕಟೆ ಹತ್ತಿದಳು. ಸೆರಗು ತಲೆಯ ಮೇಲಿತ್ತು. ಚಿಕ್ಕಪ್ಪ ಮೀಸೆ ಸವರುತ್ತ ನೆಮ್ಮದಿಯಾಗಿ ಕೂತಿದ್ದ.

“ತೀರಿಕೊಂಡವರು ನಿಮ್ಮನ್ನ ಏನಂತ ಕರೀತಿದ್ದರು?” ಎಂದು ಚಿಕ್ಕಪ್ಪನ ವಕೀಲರು ಕೇಳಿದರು.

“ನನ್ನ ಎಸ್ರಿಡಿದೇ ಕೂಗೋರು ಸಾ.”

“ಯಳಂದೂರಿನವಳು ಅಂತ ಅಂದದ್ದು ಇಲ್ಲವೇ?”

ಚಿಕ್ಕಮ್ಮ ಗಂಡನ ಕಡೆ ಒಮ್ಮೆ ನೋಡಿದಳು. “ಒಂದ್ ದಿನಾನೂ ಇಲ್ಲ ಸಾ. ಆ ಮಾತು ಗದ್ದೆ ಮಾಡ್ತಾವ್ಳಲ್ಲ, ಅವ್ಳದು. ಇಪ್ಪತ್ತು ವರ್ಸದಿಂದ ಕೇಳಿವ್ನಿ. ನನ್ನದಲ್ಲದ್ದು ನಂಗೆ ಬ್ಯಾಡ.”

ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ಚಿಕ್ಕಪ್ಪ ಮೀಸೆಯಿಂದ ಕೈ ತೆಗೆದಿದ್ದ. ಜಡ್ಜಿ ಕನ್ನಡಕದ ಮೇಲಿಂದ ಚಿಕ್ಕಮ್ಮನನ್ನು ನೋಡಿ, ಇಷ್ಟು ಚೊಕ್ಕ ಸಾಕ್ಷಿ ಬಹಳ ದಿನವಾಯಿತು ಕೇಳಿ ಎಂದರಂತೆ. ಹಾಗೆಂದು ನಮ್ಮ ವಕೀಲರು ಆಮೇಲೆ ಹೇಳಿದರು.

ಸಂಜೆ ಮುದುಕನಿಗೆ ರೈಲು ತೋರಿಸಿದೆ. ಚಿಕ್ಕಮ್ಮನೂ ನಮ್ಮ ಜೊತೆ ಬಂದಳು. ಇಂಜಿನ್ನು ಸಿಳ್ಳೆ ಹಾಕಿದಾಗ ಇಬ್ಬರೂ ಒಟ್ಟಿಗೇ ನನ್ನ ತೋಳು ಹಿಡಿದುಕೊಂಡರು. ರೈಲು ಹೋದಮೇಲೆ ಮುದುಕ ಬಹಳ ಹೊತ್ತು ಹಳಿ ನೋಡಿದ. “ಇಷ್ಟೊಂದು ದೊಡ್ಡದು, ಗೆರೆ ಮ್ಯಾಲೇ ಓಯ್ತದಲ್ಲ!”

ಚಿಕ್ಕಪ್ಪ ಒಂದು ತಿಂಗಳು ಹೆಂಡತಿಯ ಜೊತೆ ಮಾತು ಬಿಟ್ಟ. ‘ಉಪ್ಪು ಕಮ್ಮಿ ಅಂತ ಯೋಳು’ ಎಂದು ಅದೇ ಮನೆಯಲ್ಲಿದ್ದ ನನ್ನ ಮೂಲಕ ಹೇಳಿಸುತ್ತಿದ್ದ. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಯಾರ ಮೂಲಕ ಹೇಳಿಸಿದನೋ ತಿಳಿಯದು. ಅತ್ತೆಯ ಮನೆ ಕೈಗೆ ಬಂದಮೇಲೆ ಇನ್ನೊಂದು ಮಗ್ಗಕ್ಕೆ ಜನ ಬೇಕಾಯಿತು, ಚಿಕ್ಕಮ್ಮನೇ ಕೂತಳು. ಅಲ್ಲಿಂದ ಮಾತು ತಾನಾಗಿ ಸರಿಹೋಯಿತು.

ಗದ್ದೆ ಸವತಿಗೇ ಸೇರಬೇಕೆಂಬ ಕೊಯಮತ್ತೂರಿನ ತೀರ್ಪಿನ ಕಾಗದ ಬರಲು ಆರೇಳು ತಿಂಗಳು ಹಿಡಿಯಿತು. ಅದನ್ನು ಕನ್ನಡಕ್ಕೆ ತಿರುಗಿಸಿ, ಮೈಸೂರು ಸ್ಟಾಂಪು ಅಂಟಿಸಿ, ಯಳಂದೂರಿನ ಕಚೇರಿಗೆ ನಾಲ್ಕು ಸಲ ಅಲೆದೆ. ಕೊನೆಯ ಸಲ ಖಾತೆ ಬದಲಾಯಿಸಲು ಶಾನುಭೋಗರು ಆಕೆಯನ್ನು ಕರೆಸಿದರು.

“ಗದ್ದೆ ಯಾರಿಂದ ಬಂತಮ್ಮಾ?”

ಆಕೆ ಗೋಡೆ ನೋಡಿಕೊಂಡು, “ಕೊಳ್ಳೇಗಾಲದವ್ಳಿಂದ,” ಎಂದಳು.

ಶಾನುಭೋಗರು ಲೇಖನಿ ಕೆಳಗಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಅತ್ತೆಯ ಹೆಸರು, ಅತ್ತೆಯ ತಂದೆಯ ಹೆಸರು, ಬೀದಿ, ಮನೆಗುರುತು ಎಲ್ಲವನ್ನೂ ತಡವರಿಸದೆ ಹೇಳಿದಳು. ನಾನು ಬೆರಗಾಗಿ ನೋಡಿದ್ದಕ್ಕೆ, “ಏನ್ ನೋಡ್ತೀಯಾ? ಮೂಟೆ ಮ್ಯಾಲೆ ನಾನೇ ಯೋಳಿ ಬರ್ಸ್ತಿದ್ದದ್ದು,” ಎಂದಳು.

ಮಧ್ಯಾಹ್ನ ಆಕೆಯ ಮನೆಯಲ್ಲೇ ಊಟ. ಬಡಿಸುತ್ತ ಬಡಿಸುತ್ತ ಕೇಳಿದಳು. “ಕೊನೇಲಿ ಬೋ ಒದ್ದಾಡುದ್ಲಾ?”

“ಇಲ್ಲ. ಎರಡು ದಿನ ಜ್ವರ, ಗಂಜಿ ಕುಡಿದು ಮಲಗಿದಳು. ಬೆಳಿಗ್ಗೆ ಏಳಲಿಲ್ಲ.”

ಆಕೆ ನನ್ನ ಎಲೆಗೆ ಇನ್ನೊಂದಿಷ್ಟು ಅನ್ನ ಹಾಕಿ, “ಉಣ್ಣು ಕೂಸೇ, ಬಸ್ಸಿಗೆ ಇನ್ನೂ ಒತ್ತು ಅದೆ,” ಎಂದು ಗದ್ದೆಗೆ ನೀರು ತಿರುಗಿಸಲು ಹೋದಳು.