ವಾಯಿದೆಯಿಲ್ಲದ ಸಮನ್ಸ್

ಸಣ್ಣಮಾದಯ್ಯನವರು ಮೈಸೂರಿನ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಅಮೀನರಾಗಿದ್ದವರು. ಸಮನ್ಸು, ನೋಟಿಸುಗಳನ್ನು ಮನೆಮನೆಗೆ ಮುಟ್ಟಿಸಿ ಸಹಿ ಹಾಕಿಸಿಕೊಂಡು ಬರುವುದು ಅವರ ಕೆಲಸ. ಸೈಕಲ್ಲಿನಲ್ಲಿ ಶುರುಮಾಡಿ ಮೊಪೆಡ್ಡಿನಲ್ಲಿ ಮುಗಿಸಿದ್ದರು. ಅವರು ಬಂದು ಬಾಗಿಲಲ್ಲಿ ನಿಂತರೆ ಎಂಥ ಗಟ್ಟಿಗನ ಮುಖವೂ ಬಿಳಿಚಿಕೊಳ್ಳುತ್ತಿತ್ತು. ಕೇಸಿಗೆ ಬಿದ್ದ ಬಡವರು ಹೇಗೆ ಸವೆದು ಹೋಗುತ್ತಾರೆಂಬುದನ್ನು ದಿನವೂ ಕಂಡಿದ್ದ ಅವರಿಗೆ, ತಮ್ಮ ಹೆಸರಿನ ಕಾಗದ ಯಾವತ್ತೂ ಬರದಿರಲಿ ಎಂಬುದೊಂದೇ ಹಾರೈಕೆಯಾಗಿತ್ತು. ನಿವೃತ್ತರಾಗಿ ನಾಲ್ಕು ವರ್ಷ. ಕುಂಬಾರಕೊಪ್ಪಲಿನ ಸಣ್ಣ ಮನೆಯಲ್ಲಿ ಹೆಂಡತಿ ಚಿಕ್ಕಮಾದಮ್ಮ, ಮಗಳು ಕೀರ್ತಿ ಜೊತೆಗಿದ್ದರು. ಕೀರ್ತಿಗೆ ವಿಜಯನಗರದ ಲ್ಯಾಬೊಂದರಲ್ಲಿ ಕೆಲಸ, ಮದುವೆ ಗೊತ್ತಾಗಿತ್ತು.

ಒಂದು ಮಂಗಳವಾರ ಬೆಳಿಗ್ಗೆ, ಕೀರ್ತಿ ಕೆಲಸಕ್ಕೆ ಹೊರಟ ಮೇಲೆ, ಫೋನ್ ಬಂತು. ನಿಮ್ಮ ಆಧಾರ್‌ನಲ್ಲಿ ಮುಂಬೈಯಲ್ಲಿ ಬ್ಯಾಂಕ್ ಖಾತೆ ತೆರೆದಿದ್ದಾರೆ, ಅದರಲ್ಲಿ ಮಾದಕವಸ್ತುವಿನ ಹಣ ಓಡಾಡಿದೆ ಎಂದಿತು ಆ ಕಡೆಯ ದನಿ. ಮರುಗಳಿಗೆಯಲ್ಲಿ ವಿಡಿಯೋ ಕರೆ. ಖಾಕಿ ತೊಟ್ಟವನೊಬ್ಬ, ಹಿಂದೆ ಗೋಡೆಗೆ ಸರ್ಕಾರಿ ಲಾಂಛನ. ಅವನು ಹಿಂದಿಯಲ್ಲಿ ಗದರಿದ. ಬಳಿಕ ಕನ್ನಡ ಬಲ್ಲ ಇನ್ನೊಬ್ಬ ಬಂದು ಮೆತ್ತಗೆ ಹೇಳಿದ.

“ನೋಡಿ, ನೀವೀಗ ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಬಾಗಿಲು ಹಾಕ್ಕೊಳ್ಳಿ. ಕ್ಯಾಮೆರಾ ಆಫ್ ಮಾಡಂಗಿಲ್ಲ. ಮನೆಯವರಿಗೆ ಹೇಳಿದ್ರೆ ಅವರ ಮೇಲೂ ಕೇಸಾಗುತ್ತೆ. ನಿಮ್ಮ ಮಗಳ ಹೆಸರೂ ಫೈಲಲ್ಲಿದೆ.”

ಕೀರ್ತಿಯ ಹೆಸರು, ಲ್ಯಾಬಿನ ಹೆಸರು ಎರಡನ್ನೂ ಅವನು ಸರಿಯಾಗಿ ಹೇಳಿದ. ಸಣ್ಣಮಾದಯ್ಯ ಎದ್ದು ಕೋಣೆಯ ಚಿಲಕ ಹಾಕಿದರು.

“ಏನ್ರೀ, ಬಾಗ್ಲಾಕ್ಕಂಡು ಏನ್ ಮಾಡ್ತಿದ್ದೀರಿ? ತಿಂಡಿ ಆರೋಯ್ತದೆ,” ಎಂದು ಚಿಕ್ಕಮಾದಮ್ಮ ಹೊರಗಿನಿಂದ ಕೂಗಿದರು.

“ಪಿಂಚಣಿದು ಏನೋ ಕೆಲ್ಸ ಐತೆ. ಸುಮ್ನಿರು.”

ಮದುವೆಯಾದ ಮೇಲೆ ಅವರು ಹೆಂಡತಿಗೆ ಹೇಳಿದ ಸುಳ್ಳುಗಳು ಬಹಳವಿಲ್ಲ. ಸಕ್ಕರೆ ಕಾಯಿಲೆಯ ಮೈ. ಎರಡು ಸಲ ಕೋಣೆಗೆ ಹೊಂದಿದ ಬಚ್ಚಲಿಗೆ ಹೋಗಲು ಕೈಮುಗಿದು ಅಪ್ಪಣೆ ಕೇಳಬೇಕಾಯಿತು. ಫೋನನ್ನೂ ಒಯ್ಯಬೇಕು ಎಂದ ಆ ಕಡೆಯವನು. ಒಯ್ದರು. ಹೊರಬಂದವರಿಗೆ ಅಳು ಉಕ್ಕಿತು.

“ಸಾರ್, ನಾನೇ ಇಲ್ದಂಗಾದ್ರೆ ಕೇಸು ಮುಚ್ಚೋಯ್ತದಾ?”

“ಆಗ ಮಗಳನ್ನ ಎತ್ತಾಕ್ಕೊಂಡು ಹೋಗ್ತೀವಿ.”

ಆ ಮಾತಿನ ಮುಂದೆ ಸಾಯುವ ದಾರಿಯೂ ಕಟ್ಟಿಹೋಯಿತು. ಬ್ಯಾಂಕಿನಲ್ಲಿಟ್ಟ ಠೇವಣಿಯ ಹಣವನ್ನೆಲ್ಲ ‘ಸರ್ಕಾರಿ ಪರಿಶೀಲನಾ ಖಾತೆ’ಗೆ ಹಾಕಿದರೆ ಸಂಜೆಯೊಳಗೆ ವಾಪಸು ಬರುತ್ತದೆ ಎಂದ ಕನ್ನಡದವನು. ಕರೆ ಕಡಿಯದೆ, ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಣ್ಣಮಾದಯ್ಯ ಬ್ಯಾಂಕಿಗೆ ಹೋದರು. ಕೌಂಟರಿನ ಹುಡುಗಿ ಮಾನಸ ಚೀಟಿ ನೋಡಿ ತಲೆಯೆತ್ತಿದಳು.

“ಠೇವಣಿ ಪೂರ್ತಿ ಮುರೀಬೇಕಾ ಸಾರ್? ಯಾರಾದ್ರೂ ಫೋನ್ ಮಾಡಿ ಕಟ್ಟಿ ಅಂದ್ರಾ?”

ಒಂದು ಮಾತು. ಹೂಂ ಎಂದಿದ್ದರೆ ಸಾಕಿತ್ತು. ಎದೆಯ ಮೇಲೆ ಜೇಬು ಬೆಚ್ಚಗಿತ್ತು. ಅದರೊಳಗಿಂದ ಆ ಕಡೆಯವರು ಕೇಳಿಸಿಕೊಳ್ಳುತ್ತಿದ್ದರು.

“ಇಲ್ಲ ಕಣಮ್ಮ. ಮಗಳ ಮದ್ವೆ. ಹುಡ್ಗನ ಕಡೆಯವ್ರಿಗೆ.”

ಆಕೆ ಮತ್ತೊಮ್ಮೆ ಕೇಳಿದಳು. ಅವರು ಮತ್ತೊಮ್ಮೆ ಅದನ್ನೇ ಹೇಳಿದರು. ಹಣ ಹೋಯಿತು.

ಮನೆಗೆ ಬಂದು ಮತ್ತೆ ಚಿಲಕ. ಸಂಜೆಯೊಳಗೆ ವಾಪಸು ಎಂದವರು ಮೂರು ಗಂಟೆಗೆ ಮನೆಪತ್ರದ ಮೇಲೆ ಸಾಲ ತೆಗೆಯಿರಿ ಎಂದರು. ಸಣ್ಣಮಾದಯ್ಯ ಗೋಗರೆದರು. ಆಗ ಅವರನ್ನು ಬಗ್ಗಿಸಲು ವಾಟ್ಸಾಪಿನಲ್ಲಿ ಒಂದು ಸಮನ್ಸ್ ಬಂತು. ಸೀಲು, ಸಹಿ, ಅವರ ಪೂರ್ತಿ ಹೆಸರು.

ಕಣ್ಣು ಮಂಜಾಗಿದ್ದರೂ ಅವರು ಅಭ್ಯಾಸದಂತೆ ತುಟಿಯಾಡಿಸುತ್ತ ಮೇಲಿಂದ ಕೆಳಗೆ ಓದಿದರು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕೋರ್ಟಿಗೆ ಹಾಜರಾಗಬೇಕು ಎಂಬ ಸಾಲು ಇರಲಿಲ್ಲ. ಇನ್ನೊಮ್ಮೆ ಓದಿದರು. ಕೊನೆಯಲ್ಲಿ, ಈ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ ಎಂದಿತ್ತು.

“ಸಾರ್,” ಎಂದರು, “ವಾಯಿದೆ ಯಾವತ್ತು?”

“ಯಾವ ವಾಯ್ದೆ? ಬಾಯ್ಮುಚ್ಕೊಂಡು ಪತ್ರ ತಗೊಂಡ್ ಬಾ.”

ಕೋರ್ಟಿಗೆ ಒಂದು ದಿನ ಅಲೆದವರಿಗೂ ಗೊತ್ತಿರುವ ಮಾತದು, ಕೇಸು ಕರೆಯುವ ದಿನಕ್ಕೆ ವಾಯಿದೆ ಎನ್ನುತ್ತಾರೆಂಬುದು. ಕನ್ನಡದ ಈ ಪೊಲೀಸಿನವನಿಗೆ ಗೊತ್ತಿಲ್ಲ. ಸಣ್ಣಮಾದಯ್ಯ ತಾವು ಹಂಚಿದ ಸಾವಿರಾರು ಸಮನ್ಸುಗಳನ್ನು ನೆನೆದರು. ತೆಗೆದುಕೊಳ್ಳದೆ ಬಾಗಿಲು ಹಾಕಿಕೊಂಡವರ ಮನೆಗೆ ಅಕ್ಕಪಕ್ಕದವರನ್ನು ಸಾಕ್ಷಿಗೆ ಕರೆದು, ಬೀದಿಯೆಲ್ಲ ನೋಡುವಂತೆ ಕದಕ್ಕೆ ಅಂಟಿಸಿ ಬಂದಿದ್ದರು. ಹೆಂಡತಿಗೆ ಹೇಳಬೇಡ ಎಂದು ಯಾರಿಗೂ ಹೇಳಿದ್ದಿಲ್ಲ. ಆ ಕಡೆಯವನು ಇನ್ನೂ ಬೈಯುತ್ತಿದ್ದ. ಅವರು ಎದ್ದು ಚಿಲಕ ತೆಗೆದರು.

“ಮಾದಮ್ಮ, ಬಾ ಇಲ್ಲಿ. ನಾನ್ ಹಾಳಾಗೋದೆ.”

ಚಿಕ್ಕಮಾದಮ್ಮ ಫೋನಿನಲ್ಲಿದ್ದ ಖಾಕಿಯನ್ನೂ ಗಂಡನ ಮುಖವನ್ನೂ ನೋಡಿದರು. ಫೋನ್ ಕಸಿದು ಕರೆ ಕಡಿದು, ಮಗಳಿಗೆ ಫೋನ್ ಮಾಡಿದರು. ಕೀರ್ತಿ ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ದೂರು ಕೊಟ್ಟು, ಆಟೋ ಹಿಡಿದು ಬಂದು, ಅಪ್ಪನನ್ನು ಸೈಬರ್ ಠಾಣೆಗೆ ಕರೆದೊಯ್ದಳು.

ಅಲ್ಲಿನ ಎಎಸ್‌ಐ ಲಿಂಗರಾಜು ಕುರ್ಚಿ ಎಳೆದು ಕೂರಿಸಿದರು. “ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಲ್ಲೇ ಇಲ್ಲ ಸ್ವಾಮಿ. ಯಾವ ಪೊಲೀಸರೂ ವಿಡಿಯೋದಲ್ಲಿ ಹಿಡ್ದು ಕೂರ್ಸಲ್ಲ, ಖಾತೆಗೆ ದುಡ್ಡು ಹಾಕ್ಸಲ್ಲ. ಕೋರ್ಟಲ್ಲಿದ್ದೋರು, ನಿಮಗೆ ತಿಳೀಲಿಲ್ವಾ?”

“ಗೊತ್ತಿತ್ತು,” ಎಂದರು ಸಣ್ಣಮಾದಯ್ಯ. “ಹೆದ್ರಿಕೆ ಮುಂದೆ ಹೊಳೀಲಿಲ್ಲ.”

ಹಣ ಅಷ್ಟರಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗಿತ್ತು. ಕಾಲುಭಾಗ ಮಾತ್ರ ತಡೆಹಿಡಿಯಲಾಯಿತು; ಅದೂ ಕೈಗೆ ಬರಲು ತಿಂಗಳುಗಳೇ ಬೇಕು. ಮದುವೆ ಮುಂದಕ್ಕೆ ಹೋಯಿತು.

ಠಾಣೆಯಿಂದ ಬಂದ ಮೇಲೆ ಅವರು ಹೆಂಡತಿಯೆದುರು ತಲೆತಗ್ಗಿಸಿ ಕೂತರು. “ಬೈದ್ಬುಡು. ಎಲ್ಲಾ ಕಳ್ದೆ.”

“ಕಾಸಿಗೆ ನಾನೇನೂ ಅನ್ನಕಿಲ್ಲ,” ಎಂದರು ಚಿಕ್ಕಮಾದಮ್ಮ. “ನಾನ್ ಬಾಗ್ಲಾಚೆ ತಟ್ಟೆ ಇಡ್ಕಂಡು ನಿಂತಿದ್ದೆ. ಒಳ್ಗೆ ನೀವು ಸಾಯೋ ಮಾತಾಡ್ತಿದ್ರಂತೆ, ಕೀರ್ತಿ ಹೇಳಿದ್ಲು. ನನ್ನ ಯಾಕ್ ಕರೀಲಿಲ್ಲ?”

ಆಕೆ ಎದ್ದು ಹೋಗಲೂ ಇಲ್ಲ, ಗಂಡನ ಮುಖದಿಂದ ಕಣ್ಣು ತೆಗೆಯಲೂ ಇಲ್ಲ, ಉತ್ತರಕ್ಕೆ ಕಾಯುತ್ತಲೇ ಕೂತರು.